ಹಲ್ಲಿನ ಸೆಟ್ಟು ಮತ್ತು ಒಂದೇ ಶೇರಿನ ಮಾಲೀಕ

ಲೋಕದಲ್ಲಿ ಮಾಲೀಕರು ಎರಡು ಬಗೆ. ಇರುವುದನ್ನು ಮುಚ್ಚಿಡುವವರು ಒಂದು ಬಗೆ, ಇಲ್ಲದ್ದನ್ನು ಬಿಚ್ಚಿ ತೋರಿಸುವವರು ಇನ್ನೊಂದು. ಪಾರ್ಸೆಲಪ್ಪ ಎರಡನೆಯ ಬಗೆಯವರಿಗೆ ಚಕ್ರವರ್ತಿ.

ಪಾರ್ಸೆಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕೆಲಸ, ಕಂಪನಿಯ ಪಾರ್ಸೆಲ್‌ಗಳನ್ನು ಮನೆಮನೆಗೆ ಮುಟ್ಟಿಸುವುದು. ಹುದ್ದೆ ಡೆಲಿವರಿ ಬಾಯ್. ಆ ಬಾಯ್‌ಗೆ ನೆತ್ತಿಯ ಕೂದಲು ಉದುರಿ ಎಷ್ಟೋ ಕಾಲವಾಗಿತ್ತು, ಹೊಟ್ಟೆ ಸ್ಕೂಟರಿನ ಹ್ಯಾಂಡಲ್ ಮುಟ್ಟುವಷ್ಟು ಮುಂದೆ ಬಂದಿತ್ತು. ಆದರೂ ಹುದ್ದೆ ಬಾಯ್ ಆಗಿಯೇ ಉಳಿದಿತ್ತು. ಇಂಥವನ ಬಾಳಿನಲ್ಲಿ ಒಂದು ದಿನ ಕಂಪನಿ ತನ್ನನ್ನು ತಾನೇ ಚೂರುಚೂರು ಮಾಡಿಕೊಂಡು, ಆ ಚೂರುಗಳನ್ನು ಶೇರು ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆಲ್ಲ ಮಾರಿತು. ಆ ಸಂಭ್ರಮಕ್ಕೆ ಕೆಲಸಗಾರರಿಗೆಲ್ಲ ಒಂದೊಂದು ಶೇರು ಪುಕ್ಕಟೆ. ಪಾರ್ಸೆಲಪ್ಪ ಶೇರು ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಎದೆಗವಚಿಕೊಂಡು ಬೀದಿಗೆ ಕಾಲಿಟ್ಟ.

ಟೈಲರ್ ಮಿಷನ್ ತುಳಿಯುವುದನ್ನು ನಿಲ್ಲಿಸಿ ಕೇಳಿದ. "ಕೈಯಲ್ಲಿ ಏನಪ್ಪಾ ಅದು?"

"ಕಂಪನಿ."

"ಯಾವ ಕಂಪನಿ?"

"ನಮ್ಮದೇ. ನಿನ್ನೆ ತನಕ ನಾನು ಕಂಪನಿಯವನು. ಇವತ್ತಿಂದ ಕಂಪನಿ ನನ್ನದು."

"ಪೂರ್ತಿನಾ?"

"ಪೂರ್ತಿ, ಅರ್ಧ ಅಂತೆಲ್ಲ ಕೇಳ್ಬಾರದು. ಸಮುದ್ರಕ್ಕೆ ಕಾಲಿಟ್ಟವನು ಸಮುದ್ರದಲ್ಲೇ ಇದಾನೆ ತಾನೇ?"

ಪಕ್ಕದ ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಮೀಸೆ ಉಳಿಸಿ ಹೊರಗೆ ಬಂದ. "ಕಾಲಿಗೆ ಸಮುದ್ರ ಗೊತ್ತು, ಸರಿ. ಸಮುದ್ರಕ್ಕೆ ಕಾಲು ಗೊತ್ತಾ?"

ಇಂಥ ಹೊಟ್ಟೆಕಿಚ್ಚಿಗೆ ಮಾಲೀಕರು ಉತ್ತರ ಕೊಡುವುದಿಲ್ಲ. ಪಾರ್ಸೆಲಪ್ಪ ಮುಂದೆ ನಡೆದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಇವನು ಹಗಲಲ್ಲೇ ಹಿಡಿದ, ಅದೂ ತನ್ನ ಮನೆಯ ಒಳಗೆ. ಮಾಲೀಕನಾದ ಗತ್ತಿನಲ್ಲಿ ಹೊಸ್ತಿಲು ದಾಟಿ, ಚೌಕಟ್ಟನ್ನು ತಲೆಯ ಮೇಲೆತ್ತಿ, ಕೆಳಗೆ ನೋಡದೆ ದಾಪುಗಾಲು ಹಾಕಿದ. ಬೂಟಿನಡಿ ಕಟಕ್ ಎಂದಿತು.

ಅದು ಅತ್ತೆಯ ಹಲ್ಲಿನ ಸೆಟ್ಟು. ತೊಳೆದು, ಬಟ್ಟೆಯ ಮೇಲಿಟ್ಟು, ಬಿಸಿಲಿಗೆ ಒಣಗಿಸಲೆಂದು ಬಾಗಿಲ ಬಳಿ ಇಟ್ಟಿದ್ದರು.

ಈ ಅತ್ತೆ ಸಾಮಾನ್ಯರಲ್ಲ. ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ತರಗತಿಯಲ್ಲಿ ಹಾಜರಿ ಕೂಗಿದರೆ ಪಕ್ಕದ ಊರಿನ ಮಕ್ಕಳೂ ಎದ್ದು ನಿಂತು "ಎಸ್ ಮಿಸ್" ಎನ್ನುತ್ತಿದ್ದರಂತೆ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದಿದ್ದರು. ಅವತ್ತೇ ಸಂಜೆಯ ಬಸ್ಸಿಗೆ ಹೊರಡುವವರಿದ್ದರು. ಈಗ ಚೂರುಗಳನ್ನು ನೋಡಿದರು, ಅಳಿಯನನ್ನು ನೋಡಿದರು, ತುಟಿಗಳನ್ನು ಹೊಲಿಗೆ ಹಾಕಿದಂತೆ ಬಿಗಿದರು. ಹಲ್ಲಿಲ್ಲದ ಬಾಯಿಂದ ಒಂದೇ ಒಂದು ಅಕ್ಷರ ಅಪಭ್ರಂಶವಾಗಿ ಹೊರಬಿದ್ದರೂ ಮೂವತ್ತು ವರ್ಷದ ಸೇವೆಗೆ ಕಳಂಕ. ಹಾಗಾಗಿ ಹೊಸ ಹಲ್ಲು ಬರುವವರೆಗೂ ಮೌನ. ಮಾತೆಲ್ಲ ಸ್ಲೇಟಿನ ಮೇಲೆ.

ಹೆಂಡತಿ ತೀರ್ಪು ಓದಿದಳು. "ನೋಡ್ರೀ, ಹಲ್ಲು ಬರೋ ತನಕ ಅಮ್ಮ ಊರಿಗೆ ಹೋಗಲ್ಲ. ಅಮ್ಮ ಹೋಗೋ ತನಕ ರೂಮು ನಮ್ಮಿಬ್ಬರದು. ನಿಮಗೆ ವರಾಂಡ ಇದೆ."

"ವರಾಂಡದಲ್ಲಿ ಕಾಲು ಚಾಚೋಕೆ ಆಗಲ್ವೇ."

"ಚಾಚಿ ತಾನೇ ಇಷ್ಟೆಲ್ಲ ಆಗಿದ್ದು."

ದಂತವೈದ್ಯರು ಅಳತೆ ತೆಗೆದುಕೊಂಡು, ಸೆಟ್ಟು ಬೇರೆ ಊರಿನ ಕಾರ್ಖಾನೆಯಲ್ಲಿ ತಯಾರಾಗಿ ಪಾರ್ಸೆಲ್‌ನಲ್ಲಿ ಮನೆಗೇ ಬರುತ್ತದೆ ಎಂದರು. ಯಾವ ಕಂಪನಿಯ ಪಾರ್ಸೆಲ್ ಎಂದು ಕೇಳಿ ತಿಳಿದ ಪಾರ್ಸೆಲಪ್ಪನ ಎದೆ ಎರಡು ಅಂಗುಲ ಉಬ್ಬಿತು.

"ಅತ್ತೆ, ಚಿಂತೆ ಬಿಡಿ. ಬರ್ತಿರೋದು ನನ್ನ ಕಂಪನಿಯಲ್ಲಿ. ನೀವು ಕಾಫಿ ಕುಡಿದು ಲೋಟ ಕೆಳಗಿಡೋದ್ರೊಳಗೆ ಹಲ್ಲು ಬಾಗಿಲು ತಟ್ಟುತ್ತೆ."

ಅತ್ತೆ ಸ್ಲೇಟಿನಲ್ಲಿ ದುಂಡಗೆ ಬರೆದರು: ನೋಡೋಣ.

ಹಲ್ಲೇನೋ ಬಂತು. ಆ ವಾರವೇ ಪಾರ್ಸೆಲಪ್ಪ ಕೆಲಸ ಮಾಡುವ ಡಿಪೋಗೆ ಬಂದಿಳಿಯಿತು. ಆದರೆ ಡಿಪೋ ಮೊದಲಿನ ಡಿಪೋ ಆಗಿರಲಿಲ್ಲ.

ಹಿಂದೆ ಅಲ್ಲಿನ ಮ್ಯಾನೇಜರು ಪ್ರತಿದಿನ ಬೆಳಿಗ್ಗೆ ಒಂದೇ ಮಂತ್ರ ಹೇಳುತ್ತಿದ್ದರು: "ಬೆಳಗ್ಗೆ ಬಂದ ಪಾರ್ಸೆಲ್ ಸಂಜೆ ಇಲ್ಲೇ ಬಿದ್ದಿದ್ರೆ ನಿಮ್ಮನ್ನೇ ಪ್ಯಾಕ್ ಮಾಡಿ ಕಳಿಸ್ತೀನಿ." ಕಂಪನಿ ಶೇರುಪೇಟೆಗೆ ಹೋದದ್ದೇ ತಡ, ತೂಕದ ಯಂತ್ರ ಇದ್ದ ಜಾಗದಲ್ಲಿ ಗೋಡೆಯಷ್ಟು ದೊಡ್ಡ ಟಿವಿ ಬಂತು. ಅದರಲ್ಲಿ ಕಂಪನಿಯ ಶೇರಿನ ಬೆಲೆ ಒಂದು ಗೆರೆಯಾಗಿ ಏರುತ್ತ ಇಳಿಯುತ್ತ ಓಡುತ್ತಿತ್ತು. ಮ್ಯಾನೇಜರು ಪಾರ್ಸೆಲ್‌ಗಳಿಗೆ ಬೆನ್ನು ತಿರುಗಿಸಿ, ಕುರ್ಚಿಯನ್ನು ಗೆರೆಯ ಕಡೆಗೆ ಹಾಕಿಕೊಂಡರು. ಗೆರೆ ಏರಿದರೆ ಕುರ್ಚಿಯಿಂದ ಏಳುತ್ತಿದ್ದರು, ಇಳಿದರೆ ಕುಸಿಯುತ್ತಿದ್ದರು. ಡಾಕ್ಟರು ಹೇಳಿದರೂ ಮಾಡದಿದ್ದ ವ್ಯಾಯಾಮವನ್ನು ಆ ಗೆರೆ ಮಾಡಿಸುತ್ತಿತ್ತು.

ಪಾರ್ಸೆಲಪ್ಪ ರಾಶಿಯಲ್ಲಿ ತನ್ನದೇ ಮನೆಯ ವಿಳಾಸವಿದ್ದ ಪುಟ್ಟ ಡಬ್ಬಿಯನ್ನು ಕಂಡು, ಕಳೆದುಹೋದ ಮಗು ಸಿಕ್ಕಿದವನಂತೆ ಎತ್ತಿ ಚೀಲಕ್ಕಿಟ್ಟ.

"ಅದು ಎಲ್ಲಿಗೆ?" ಮ್ಯಾನೇಜರು ತಿರುಗದೆಯೇ ಕೇಳಿದರು.

"ನಮ್ಮನೆಗೆ ಸಾರ್."

"ಎಷ್ಟು ದೂರ?"

"ಪಕ್ಕದ ಬೀದಿ."

ಮ್ಯಾನೇಜರ ಮುಖ ಸಾವಿನ ಸುದ್ದಿ ಕೇಳಿದಂತಾಯಿತು. "ಪಕ್ಕದ ಬೀದಿ. ಇದನ್ನ ಮೇಲಿನವರಿಗೆ ಯಾವ ಮುಖದಿಂದ ಹೇಳ್ಲಿ ನಾನು? ದೊಡ್ಡ ದೊಡ್ಡ ಶೇರುದಾರರು ಒಂದೇ ಒಂದು ಕೇಳ್ತಿದಾರೆ, ನಿಮ್ಮ ಸರಕು ಎಷ್ಟು ದೂರ ಓಡ್ತಿದೆ ಅಂತ. ಓಡ್ತಿರೋ ಪಾರ್ಸೆಲ್ ಅಂದ್ರೆ ಬೆಳೀತಿರೋ ಕಂಪನಿ. ಮುಟ್ಟಿದ ಪಾರ್ಸೆಲ್ ಅಂದ್ರೆ ನಿಂತ ನೀರು. ತೆಗಿ ಹೊರಗೆ."

"ಸಾರ್, ಅದು ಹಲ್ಲು."

"ಹಲ್ಲಿಗೆ ಪ್ರಯಾಣ ಆಗಿಬರಲ್ಲ ಅಂತ ಯಾವ ಡಾಕ್ಟ್ರು ಹೇಳಿದಾರೆ?"

"ನಮ್ಮತ್ತೆ ಕಾಯ್ತಿದಾರೆ ಸಾರ್. ನಾನು ವರಾಂಡದಲ್ಲಿ ಮುದುರಿಕೊಂಡು ಮಲಗ್ತಿದೀನಿ."

ಮ್ಯಾನೇಜರು ಈಗ ಕುರ್ಚಿ ತಿರುಗಿಸಿದರು. ಧ್ವನಿಯಲ್ಲಿ ಎಂದೂ ಇಲ್ಲದ ಮರ್ಯಾದೆ. "ಇದನ್ನ ಕೆಲಸದವನಾಗಿ ಹೇಳ್ತಿದೀರೋ, ಮಾಲೀಕರಾಗಿ ಹೇಳ್ತಿದೀರೋ?"

ಮ್ಯಾನೇಜರ ಬಾಯಿಂದ ಜನ್ಮದಲ್ಲಿ ಮೊದಲ ಸಲ ತನಗೊಬ್ಬನಿಗೇ ಬಹುವಚನ ಕಿವಿಗೆ ಬಿದ್ದಿತ್ತು. ಪಾರ್ಸೆಲಪ್ಪ ಕರಗಿ ನೀರಾದ. "ಮಾಲೀಕ ಅಂತ ನೋಡಿದ್ರೆ..."

"ಮಾಲೀಕರು ಅಂದ್ಮೇಲೆ ಕಂಪನಿಯ ಹಿತ ನೋಡ್ಬೇಕು. ನಿಮ್ಮತ್ತೆ ಹಲ್ಲು ನಮಗೋಸ್ಕರ ಎಷ್ಟು ದೂರ ಓಡಬಹುದು, ಯೋಚನೆ ಮಾಡಿ. ಅಪ್ಪಣೆ ಕೊಡಿ, ಕಳಿಸ್ತೀನಿ."

"ಕಳಿಸಿ," ಎಂದ ಪಾರ್ಸೆಲಪ್ಪ, ಮಹಾರಾಜರು ದಂಡಯಾತ್ರೆಗೆ ಅಪ್ಪಣೆ ಕೊಡುವ ಧಾಟಿಯಲ್ಲಿ. ಡಬ್ಬಿ ಲಾರಿ ಹತ್ತಿತು. ಅದೇ ಹೊತ್ತಿಗೆ ಟಿವಿಯ ಗೆರೆ ಕೂದಲೆಳೆಯಷ್ಟು ಮೇಲೇರಿತು. ಅದು ತನ್ನ ಅತ್ತೆಯ ಹಲ್ಲಿನಿಂದಲೇ ಏರಿದ್ದು ಎಂದು ಅವನು ಇವತ್ತಿಗೂ ನಂಬಿದ್ದಾನೆ.

ಲಾರಿ ಹೋದ ಮೇಲೆ ಮಾಲೀಕ ಇಳಿದುಹೋಗಿ ಅಳಿಯ ಎಚ್ಚರಗೊಂಡ. ಆದರೆ ಅಷ್ಟರಲ್ಲಿ ಹಲ್ಲು ಊರು ಬಿಟ್ಟಾಗಿತ್ತು.

ಅಲ್ಲಿಂದ ಮುಂದೆ ಆ ಹಲ್ಲು ಮಾಡಿದ ದೇಶಸಂಚಾರ ಯಾವ ದಿಗ್ವಿಜಯಕ್ಕೂ ಕಡಿಮೆಯಲ್ಲ. ಪಾರ್ಸೆಲ್ ಎಲ್ಲಿದೆ ಎಂಬುದು ಟೈಲರನ ಮೊಬೈಲಿನಲ್ಲಿ ಕಾಣಿಸುತ್ತಿತ್ತು. ಬೀದಿಯವರೆಲ್ಲ ಸಂಜೆ ಅವನ ಅಂಗಡಿಯ ಮುಂದೆ ಸೇರಿ, ರೇಡಿಯೋ ಸುದ್ದಿ ಕೇಳಿದಂತೆ ಕೇಳತೊಡಗಿದರು.

"ಇವತ್ತು ಎಲ್ಲಿದೆಯಪ್ಪಾ ಹಲ್ಲು?" ಎದುರುಮನೆಯ ನಿವೃತ್ತ ಗುಮಾಸ್ತರ ದಿನದ ಮೊದಲ ಪ್ರಶ್ನೆ ಅದೇ.

"ಬಂದರಿನ ಊರಲ್ಲಿ ಸ್ವಾಮಿ."

"ಪುಣ್ಯವಂತ ಹಲ್ಲು. ನಾನಿನ್ನೂ ಹಡಗು ನೋಡಿಲ್ಲ."

"ನಾಳೆ ಗುಡ್ಡದ ಊರಿಗೆ ಹೋಗುತ್ತಂತೆ."

"ಅಲ್ಲಿ ಚಳಿ ಜಾಸ್ತಿ," ಎಂದ ಕಟಿಂಗ್ ಶಾಪಿನವನು. "ಕಟಕಟ ಅಂತ ತಾನಾಗೇ ಕಡಿದುಕೊಳ್ಳುತ್ತೆ ಬಿಡಿ."

ಎರಡು ಸಲ, ಪಾರ್ಸೆಲಪ್ಪ ಸ್ಕೂಟರಿನಲ್ಲಿ ಹೊರಗೆ ಹೋಗಿದ್ದ ಹೊತ್ತಿನಲ್ಲೇ, ಡಬ್ಬಿ ಇದೇ ಊರಿನ ಡಿಪೋಗೂ ಬಂತು. ಮುಖ ತೊಳೆದು ಕಾಫಿ ಕುಡಿದು ಹೊರಡುವ ನೆಂಟನಂತೆ ಮತ್ತೆ ಹೊರಟಿತು. ಹಲ್ಲನ್ನು ಮೊದಲು ಬೀಳ್ಕೊಟ್ಟವನು ಅಳಿಯನೇ ಎಂಬ ಗುಟ್ಟೂ ಡಿಪೋದ ಡ್ರೈವರನ ಬಾಯಿಂದ ಟೈಲರನಿಗೆ, ಟೈಲರನಿಂದ ಹೆಂಡತಿಗೆ ಮುಟ್ಟಿತು. ಈ ಒಂದು ಸುದ್ದಿ ಮಾತ್ರ ಎಲ್ಲೂ ಸುತ್ತದೆ, ನೆಟ್ಟಗೆ ಸರಿಯಾದ ವಿಳಾಸಕ್ಕೇ ಹೋಯಿತು.

ಅವತ್ತು ಸಂಜೆ ಅತ್ತೆ ಸ್ಲೇಟನ್ನು ಅವನ ಮುಂದೆ ಹಿಡಿದರು. ಬರೆದಿತ್ತು: 'ನಮ್ಮ ಅಳಿಯಂದಿರು ಜಾಣರು. ಈ ವಾಕ್ಯದಲ್ಲಿ ಒಂದು ತಪ್ಪಿದೆ. ತಿದ್ದಿ ಬರೆಯಿರಿ.'

ಪಾರ್ಸೆಲಪ್ಪ ಬಳಪ ಹಿಡಿದು ಬೆವರಿದ. ಹೆಂಡತಿ ಬಾಗಿಲಿಗೊರಗಿ ನಿಂತು, "ಬರೀರಿ, ಅಮ್ಮ ಕಾಯ್ತಿದಾರೆ," ಎಂದಳು.

ಅದೇ ವಾರ ಒಂದು ಆಮಂತ್ರಣ ಬಂತು. ಕಂಪನಿಯ ಶೇರುದಾರರ ಮಹಾಸಭೆ, ಮನೆಯವರೊಬ್ಬರನ್ನು ಕರೆತರಬಹುದು. ಹೆಂಡತಿ ತಕ್ಷಣ ಹೇಳಿದಳು: "ಅಮ್ಮನ್ನ ಕರ್ಕೊಂಡು ಹೋಗಿ. ನೀವು ಮಾಲೀಕರು ತಾನೇ? ಅಲ್ಲೇ ಎದ್ದು ನಿಂತು ಹಲ್ಲು ಕೇಳಿ."

"ಅಷ್ಟು ದೊಡ್ಡ ಸಭೇಲಿ ಹಲ್ಲು ಕೇಳೋಕಾಗುತ್ತೇನೇ?"

"ಆಗಲ್ಲ ಅಂದ್ರೆ ಬರುವಾಗ ವರಾಂಡಕ್ಕೊಂದು ಪರದೆ ತನ್ನಿ. ಕಾಯಂ ಆಗಿ ಅಲ್ಲೇ ಇರೋರಲ್ವಾ."

ಮಾಲೀಕನಾದವನು ಕಂಪನಿಯ ಬಟ್ಟೆಯಲ್ಲೇ ಹೋಗಬೇಕು, ಅದೇ ಶೋಭೆ ಎಂದು ಪಾರ್ಸೆಲಪ್ಪ ಯೂನಿಫಾರಂ ಇಸ್ತ್ರಿ ಮಾಡಿಸಿದ. ಅವನು ಬದುಕಿನಲ್ಲಿ ಮಾಡಿದ ತಪ್ಪುಗಳಲ್ಲೆಲ್ಲ ಇದು ಅತ್ಯಂತ ದೊಡ್ಡದು, ಅತ್ಯಂತ ಫಲವತ್ತಾದದ್ದು.

ಸಭಾಂಗಣದ ಬಾಗಿಲಿಗೆ ಅವರಿಬ್ಬರೂ ಬಂದ ರೀತಿ ಹೀಗಿತ್ತು. ಮುಂದೆ ಅತ್ತೆ: ನೆಟ್ಟಗೆ ಬಾಣದ ಹಾಗೆ, ದಪ್ಪ ಕನ್ನಡಕ, ಕೈಯಲ್ಲಿ ಊರುಗೋಲು, ಬಿಗಿದ ತುಟಿ. ಹಿಂದೆ ಕಂಪನಿಯ ಯೂನಿಫಾರಂ ತೊಟ್ಟ ಪಾರ್ಸೆಲಪ್ಪ: ಒಂದು ಕೈಯಲ್ಲಿ ಅವರ ಚೀಲ, ಇನ್ನೊಂದರಲ್ಲಿ ಛತ್ರಿ, ಕಂಕುಳಲ್ಲಿ ಸ್ಲೇಟು. ಬಾಗಿಲಲ್ಲಿ ನಿಂತಿದ್ದ ಸ್ವಾಗತದವರು ನೋಡಿದರು. ಚೀಲ ಹೊರಲು ಕಂಪನಿಯೇ ಆಳು ಕೊಟ್ಟಿರಬೇಕಾದರೆ ಈ ತಾಯಿ ಎಷ್ಟು ಲಕ್ಷ ಶೇರಿನ ಒಡತಿಯೋ. ಒಬ್ಬನು ಬಾಗಿ ದಾರಿ ಬಿಟ್ಟ, ಇನ್ನೊಬ್ಬನು ಓಡಿ ಹೋಗಿ ಮೊದಲ ಸಾಲಿನ ಮೆತ್ತನೆಯ ಕುರ್ಚಿಯಿಂದ ಯಾವುದೋ ಬ್ಯಾಂಕಿನವರನ್ನು ಎಬ್ಬಿಸಿದ.

"ಮೇಡಂ ಯಾರು?" ಎಂದು ಎದ್ದ ಬ್ಯಾಂಕಿನವರು ಪಿಸುಗುಟ್ಟಿದರು.

"ಗೊತ್ತಿಲ್ಲ. ಮಾತೇ ಆಡಲ್ಲ."

"ಮಾತಾಡಲ್ಲ ಅಂದ್ರೆ ತುಂಬಾ ಇದೆ ಅಂತ ಅರ್ಥ."

ಅಧ್ಯಕ್ಷರು ಭಾಷಣಕ್ಕೆ ನಿಂತರು. ಒಂದು ಕಾಲಕ್ಕೆ ಹಳೇ ಸೈಕಲ್ಲಿನಲ್ಲಿ ತಾವೇ ಪಾರ್ಸೆಲ್ ಹೊತ್ತು ಈ ಕಂಪನಿ ಕಟ್ಟಿದವರು. ಈಗ ಸೈಕಲ್ಲು ಹೋಗಿ ಸೂಟು ಬಂದಿತ್ತು. ಹಿಂದಿನ ಪರದೆಯ ಮೇಲೆ ಶೇರಿನ ಗೆರೆ. "ಮಿತ್ರರೇ, ನಮ್ಮ ಪಾರ್ಸೆಲ್‌ಗಳು ಈ ವರ್ಷ ಓಡಿದ ದೂರವನ್ನು ಕೂಡಿಸಿದರೆ ಚಂದ್ರನಿಗೆ ಹೋಗಿ ಬರಬಹುದು," ಎಂದರು. ಚಪ್ಪಾಳೆ.

ಅತ್ತೆ ಕೈ ಚಾಚಿದರು. ಪಾರ್ಸೆಲಪ್ಪ ಸ್ಲೇಟು ಕೊಟ್ಟ. ಎದುರಿಗೆ ಯಾರು ನಿಂತು ಒಪ್ಪಿಸಿದರೂ ಅಂಕ ಹಾಕುವುದು ಅವರ ಕೈಗೆ ಹತ್ತಿದ ರೋಗ. ಬರೆದು, ವೇದಿಕೆಗೆ ಕಾಣುವಂತೆ ಎತ್ತಿ ಹಿಡಿದರು: ಹತ್ತಕ್ಕೆ ಮೂರು.

ಅಧ್ಯಕ್ಷರು ತೊದಲಿದರು. ಬೇರೆ ಪುಟ ತಿರುವಿ, "ಬರುವ ವರ್ಷ ಎರಡು ಸಲ ಚಂದ್ರನಿಗೆ," ಎಂದರು.

ಅತ್ತೆ ಮೂರನ್ನು ಒರೆಸಿ ಎರಡು ಮಾಡಿದರು.

ಸಭೆಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಹಿಂದಿನ ಸಾಲಿನವರು ಎದ್ದು ನಿಂತು ಸ್ಲೇಟು ನೋಡಿದರು. ಅಧ್ಯಕ್ಷರಿಗೇ ಮುಖದ ಮೇಲೆ ಎರಡು ಅಂಕ ಕೊಡುವ ಎದೆಗಾರಿಕೆ ಬರೀ ಶೇರುದಾರರಿಗೆ ಬರುವಂಥದ್ದೇ? ಇವರು ಮಾರಿಬಿಟ್ಟರೆ ನಮ್ಮ ಗತಿ? ಕೈಗಳೆಲ್ಲ ಮೊಬೈಲಿಗೆ ಹೋದವು. ಪರದೆಯ ಮೇಲಿನ ಗೆರೆ ಬಾವಿಗೆ ಬಿಟ್ಟ ಕೊಡದ ಹಾಗೆ ಸರಸರನೆ ಕೆಳಗಿಳಿಯಿತು. ಮೂಲೆಯಲ್ಲಿ ಕೂತಿದ್ದ ಡಿಪೋ ಮ್ಯಾನೇಜರು ಅಭ್ಯಾಸಬಲದಿಂದ ಅದರ ಜೊತೆಗೇ ಕುರ್ಚಿಯಿಂದ ಜಾರಿ ನೆಲ ಸೇರಿದರು.

ಅಧ್ಯಕ್ಷರು ವೇದಿಕೆ ಇಳಿದು, ಅತ್ತೆಯ ಮುಂದೆ ಕೈಕಟ್ಟಿ ನಿಂತರು. "ಅಮ್ಮಾ, ತಮಗೆ ಏನು ಅಸಮಾಧಾನ?"

ಅತ್ತೆ ತುಟಿ ಬಿಚ್ಚಲಿಲ್ಲ. ಅಳಿಯನ ಕಡೆಗೆ ಊರುಗೋಲು ತೋರಿಸಿದರು. ಇಡೀ ಸಭೆ ಪಾರ್ಸೆಲಪ್ಪನತ್ತ ತಿರುಗಿತು. ವರಾಂಡದ ಪರದೆ ಕಣ್ಣ ಮುಂದೆ ಬಂದದ್ದರಿಂದ ಮಾತ್ರ ಅವನಿಗೆ ಬಾಯಿ ಬಂತು.

"ಸಾರ್, ಅವರಿಗೆ ಪಾರ್ಸೆಲ್ ಬೇಕು."

"ಯಾವ ಪಾರ್ಸೆಲ್?"

"ಅವರ ಹಲ್ಲು ಸಾರ್. ನಮ್ಮ ಕಂಪನಿಯಲ್ಲೇ ಇದೆ. ತುಂಬಾ ದಿನದಿಂದ ಓಡ್ತಾ ಇದೆ."

"ಮುಟ್ಟಿಸಿಲ್ವಾ?"

"ಮುಟ್ಟಿದ್ರೆ ನಿಂತ ನೀರು ಅಂತ ಮ್ಯಾನೇಜರ್ ಸಾಹೇಬರು..."

ನೆಲದ ಮೇಲಿದ್ದ ಮ್ಯಾನೇಜರು ಇನ್ನಷ್ಟು ನೆಲವಾದರು.

"ಹುಡುಕಿ," ಎಂದರು ಅಧ್ಯಕ್ಷರು. ಆಮೇಲೆ ನಡೆದದ್ದನ್ನು ಕಂಡವರು ಇನ್ನೊಮ್ಮೆ ಕಾಣಲಾರರು. ದೇಶದ ಹೆದ್ದಾರಿಗಳಲ್ಲೆಲ್ಲ ಕಂಪನಿಯ ಲಾರಿಗಳು ಗಕ್ಕನೆ ನಿಂತವು. ಬಂದರಿನವರು ಹಡಗಿನ ಅಟ್ಟ ಹುಡುಕಿದರು, ಗುಡ್ಡದವರು ಮಂಜಿನಲ್ಲಿ ತಡಕಿದರು. ಎಲ್ಲರಿಂದಲೂ ಒಂದೇ ಉತ್ತರ: ಇಲ್ಲಿಗೆ ಬಂದಿತ್ತು, ಹೋಯಿತು. ಕೊನೆಗೆ ಯಾರೋ ಮೊಬೈಲು ನೋಡಿ ಕೂಗಿದರು. ಹಲ್ಲು ಇದೇ ಬೀದಿಯಲ್ಲಿತ್ತು. ಸಭಾಂಗಣದ ಎದುರಿನ ವೃತ್ತವನ್ನು ಕಂಪನಿಯ ಒಂದು ವ್ಯಾನು ಬೆಳಗಿನಿಂದ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು.

ಅಧ್ಯಕ್ಷರು ಓಡಿದರು. ಹಿಂದೆ ಪಾರ್ಸೆಲಪ್ಪ, ಅವನ ಹಿಂದೆ ಮ್ಯಾನೇಜರು, ಅವರ ಹಿಂದೆ ನೂರಾರು ಶೇರುದಾರರು.

"ನಿಲ್ಲಿಸಯ್ಯಾ," ಎಂದರು ಅಧ್ಯಕ್ಷರು, ವ್ಯಾನಿನ ಕಿಟಕಿ ಹಿಡಿದು ಜೊತೆಗೇ ಓಡುತ್ತ.

"ನಿಲ್ಲಿಸಿದ್ರೆ ದೂರ ಕಡಿಮೆ ಆಗುತ್ತೆ ಸಾರ್," ಎಂದ ಡ್ರೈವರು. "ಅಧ್ಯಕ್ಷರ ಆರ್ಡರು."

"ನಾನೇ ಅಧ್ಯಕ್ಷ."

"ಹಾಗಂತ ನಿನ್ನೆನೂ ಒಬ್ಬ ಹೇಳಿದ."

ಇನ್ನೊಂದು ಸುತ್ತಾಯಿತು. ಮೂರನೆಯ ಸುತ್ತಿನಲ್ಲಿ ಪಾರ್ಸೆಲಪ್ಪ ಜೀವಮಾನದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಓಡುತ್ತಲೇ ಕಿಟಕಿಯೊಳಗೆ ಕೈ ಹಾಕಿ ಡಬ್ಬಿ ಎಳೆದು ಅಧ್ಯಕ್ಷರತ್ತ ಎಸೆದ. ಅಧ್ಯಕ್ಷರು ಅದನ್ನು ಎದೆಗೆ ಹಿಡಿದು, ಏದುಸಿರು ಬಿಡುತ್ತ ಒಳಗೆ ಬಂದು ಅತ್ತೆಯ ಮುಂದೆ ನಿಂತರು. ಸೈಕಲ್ ಕಾಲದ ಮಾತು ತಾನಾಗಿಯೇ ನಾಲಿಗೆಗೆ ಬಂತು.

"ಪಾರ್ಸೆಲ್, ಅಮ್ಮಾ. ಇಲ್ಲೊಂದು ಸಹಿ ಹಾಕಿ."

ಅತ್ತೆ ಡಬ್ಬಿ ಹಿಡಿದು ಕೈತೊಳೆಯುವ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಸಭೆಯಲ್ಲಿ ಸೂಜಿ ಬಿದ್ದರೆ ಕೇಳಿಸುವಂತಿತ್ತು, ಆದರೆ ಯಾರಿಗೂ ಸೂಜಿ ಬೀಳಿಸುವ ಧೈರ್ಯವಿರಲಿಲ್ಲ. ಬಾಗಿಲು ತೆರೆಯಿತು. ಅತ್ತೆ ನೇರ ಮೈಕಿನ ಮುಂದೆ ಹೋಗಿ ನಿಂತು, ಬಿಳಿ ಹಲ್ಲು ಫಳಕ್ಕೆಂದು ಹೊಳೆಯುವಂತೆ ಬಾಯಿ ತೆರೆದರು.

"ಸೈಲೆನ್ಸ್."

ನಿಶ್ಶಬ್ದವಾಗಿದ್ದ ಸಭೆ ಇನ್ನೂ ನಿಶ್ಶಬ್ದವಾಯಿತು. ಬ್ಯಾಂಕಿನವರು ಬೆರಳು ತುಟಿಯ ಮೇಲಿಟ್ಟುಕೊಂಡರು.

"ಮಗು ಶಾಲೆಗೆ ಅಂತ ಹೊರಟು, ಊರೆಲ್ಲ ಸುತ್ತಿ ಸಂಜೆ ಮನೆಗೆ ಬಂದ್ರೆ ಏನ್ಮಾಡ್ತೀರಿ? ಎಷ್ಟು ದೂರ ನಡೆದೆ ಕಂದಾ ಅಂತ ಬೆನ್ನು ತಟ್ತೀರಾ? ಶಾಲೆಗೆ ಯಾಕೆ ಹೋಗ್ಲಿಲ್ಲ ಅಂತ ಕಿವಿ ಹಿಂಡ್ತೀರಾ?"

"ಹಿಂಡ್ತೀವಿ ಮಿಸ್," ಎಂದಿತು ಇಡೀ ಸಭೆ, ರಾಗವಾಗಿ.

"ಹಾಗಾದ್ರೆ ಈ ಚಂದ್ರನ ಲೆಕ್ಕ ಯಾಕೆ? ಇನ್ನೊಂದು ಮಾತು. ನನ್ನ ಹತ್ರ ಶೇರು ಗೀರು ಏನೂ ಇಲ್ಲ. ಇರೋದು ಇಲ್ಲಿ ಛತ್ರಿ ಹಿಡ್ಕೊಂಡು ನಿಂತಿರೋ ನಮ್ಮ ಅಳಿಯಂದಿರ ಹತ್ರ. ಅದೂ ಒಂದು."

ಅಧ್ಯಕ್ಷರ ಮುಖದ ಬಣ್ಣ ಬದಲಾಯಿತು. ಸ್ವಾಗತದವರು ತಮ್ಮ ಬೂಟು ನೋಡಿಕೊಂಡರು. ಪಾರ್ಸೆಲಪ್ಪ ಇಂಗು ತಿಂದ ಮಂಗನ ಹಾಗೆ ನಿಂತ. ಕಂಪನಿಯ ಕಾವಲುಗಾರರು ಎರಡು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ, ಓಡಿ ಬಂದು ಮತ್ತೆ ನೆಲ ಹಿಡಿದಿದ್ದ ಡಿಪೋ ಮ್ಯಾನೇಜರು ಮೆಲ್ಲಗೆ ಎದ್ದು ನಿಂತರು. ಕುರ್ಚಿಯ ಮೇಲೆ ಹತ್ತಿದರು. ಎಲ್ಲರೂ ತಿರುಗಿ ಪರದೆ ನೋಡಿದರು.

ಗೆರೆ ಏರುತ್ತಿತ್ತು. ಈ ಕಂಪನಿ ಒಂದು ಪಾರ್ಸೆಲ್ಲನ್ನು ನಿಜವಾಗಿ ಮುಟ್ಟಿಸಿದೆ, ಅದೂ ಅಧ್ಯಕ್ಷರೇ ಓಡಿ ಹೋಗಿ ತಂದು ಕೊಟ್ಟಿದ್ದಾರೆ ಎಂಬ ಸುದ್ದಿ ಹೊರಗೆ ಹಬ್ಬಿ, ಪೇಟೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಶೇರು ಕೊಳ್ಳುತ್ತಿದ್ದರು. ಗೆರೆ ಪರದೆಯ ಅಂಚು ದಾಟಿ ಗೋಡೆಗೆ ಹೋಗುವುದೊಂದು ಬಾಕಿ.

ಅಧ್ಯಕ್ಷರು ಕಾವಲುಗಾರರನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿದರು. ತಾವೇ ಮೈಕು ಹಿಡಿದು, "ಮಿತ್ರರೇ, ಇಂದಿನಿಂದ ನಮ್ಮ ಕಂಪನಿಯ ಮೊದಲ ಆದ್ಯತೆ, ಪಾರ್ಸೆಲ್ ಮುಟ್ಟಿಸುವುದು," ಎಂದರು, ಇದು ತಮಗೀಗ ತಾನೇ ಹೊಳೆದ ಹೊಸ ಸಂಶೋಧನೆ ಎಂಬಂತೆ. "ಅದರ ಉಸ್ತುವಾರಿಗೆ ಇನ್ನು ಮುಂದೆ ಈ ಅಮ್ಮನವರೇ ನಮ್ಮ ಮುಖ್ಯ ಪರೀಕ್ಷಕರು."

ಚಪ್ಪಾಳೆಗೆ ಛಾವಣಿಯ ಧೂಳು ಉದುರಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಪಾರ್ಸೆಲಪ್ಪ. ಹಲ್ಲು ಬಂತು, ಅತ್ತೆ ಹೊರಟರು, ರೂಮು ತನ್ನದಾಯಿತು: ಅವನ ತಲೆಯಲ್ಲಿ ಓಡುತ್ತಿದ್ದದ್ದು ಇಷ್ಟೇ. ಅಧ್ಯಕ್ಷರ ಕೊನೆಯ ವಾಕ್ಯ ಅವನ ಕಿವಿ ಹೊಕ್ಕರೂ ತಲೆಗೆ ಮುಟ್ಟಿರಲಿಲ್ಲ.

ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡುತ್ತ ಉತ್ಸಾಹದಿಂದ ಹೇಳಿದ: "ಅತ್ತೆ, ನಾಳೆ ಬೆಳಗಿನ ಬಸ್ಸಿಗೆ ಸೀಟು ಹಿಡಿದುಬಿಡ್ತೀನಿ. ಕಿಟಕಿ ಪಕ್ಕದ್ದೇ."

"ಯಾವ ಬಸ್ಸು ಅಳಿಯಂದ್ರೇ?" ಎಂದರು ಅತ್ತೆ, ಒಂದೊಂದು ಅಕ್ಷರವೂ ಗಾಜಿನಂತೆ ಸ್ಪಷ್ಟವಾಗಿ. "ಆಫೀಸು ಇರೋದು ಈ ಊರಲ್ಲಿ. ಮಗಳ ಮನೆ ಇರುವಾಗ ಬೇರೆ ಮನೆ ಮಾಡಿದ್ರೆ ಜನ ನಿಮ್ಮನ್ನೇ ಆಡ್ಕೊಳ್ತಾರೆ. ಬೆಳಗ್ಗೆ ನಿಮ್ಮ ಸ್ಕೂಟರಲ್ಲೇ ಬರ್ತೀನಿ. ತಡ ಮಾಡೋರನ್ನ ಕಂಡ್ರೆ ನನಗಾಗಲ್ಲ."

ಆ ಕಂಪನಿಯಲ್ಲಿ ಇವತ್ತಿಗೂ ಒಂದು ದಿನವೂ ತಪ್ಪದೆ, ದಾರಿಯಲ್ಲಿ ಎಲ್ಲೂ ಸುತ್ತದೆ, ಸರಿಯಾದ ಹೊತ್ತಿಗೆ ಸರಿಯಾದ ವಿಳಾಸಕ್ಕೆ ಮುಟ್ಟುವ ಪಾರ್ಸೆಲ್ ಎಂದರೆ ಅದು ಪಾರ್ಸೆಲಪ್ಪನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಬರುವುದು. ಸಂಜೆ ಅದನ್ನು ಅವನೇ ವಾಪಸ್ ತರಬೇಕು.